ಸಹಿಸಿಕೋ ಅನ್ನೋದು ಬೇರೆ, ನಿಂತುಕೋ ಅನ್ನೋದು ಬೇರೆ

ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತಿದ್ದಾಗ ಓದಿ, ಆದ್ರೆ ಪೂರ್ತಿ ಓದಿ.

ಪ್ರತಿ ವರ್ಷ ಆಗಸ್ಟ್ 29ಕ್ಕೆ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಬಾವುಟ ಏರುತ್ತೆ. ಅಲ್ಲಿಂದ ಸೆಪ್ಟೆಂಬರ್ 8ರ ತೇರಿನವರೆಗೆ ರಸೆಲ್ ಮಾರ್ಕೆಟ್ ಸುತ್ತಮುತ್ತ ಕಾಲಿಡೋಕೆ ಜಾಗ ಇರಲ್ಲ. ಕಾವಿ ಬಟ್ಟೆ ತೊಟ್ಟು, ಹರಕೆ ಹೊತ್ತು, ಬರಿಗಾಲಲ್ಲಿ ಜನ ಬರ್ತಾರೆ. ಹಲಸೂರಿನ ಗೌತಮಪುರದಿಂದ, ಮರ್ಫಿ ಟೌನಿಂದ, ಡಿ.ಜೆ.ಹಳ್ಳಿ, ಲಿಂಗರಾಜಪುರದಿಂದ, ಕೆ.ಆರ್.ಪುರದ ಆಚೆಯಿಂದ ಬರ್ತಾರೆ. ಎಲ್ಲ ಧರ್ಮದವರೂ ಇರ್ತಾರೆ. ಅದರಲ್ಲಿ ನಮ್ಮ ಜನ ಬಹಳ.

ಈ ಜನರಲ್ಲಿ ಎರಡೆರಡು ಹೆಸರಿನವರಿದ್ದಾರೆ. ಚರ್ಚಿನ ರಿಜಿಸ್ಟರಲ್ಲಿ ಮೇರಿ, ರೇಷನ್ ಕಾರ್ಡಲ್ಲಿ ಮಾರಿಯಮ್ಮ. ಪ್ರಾರ್ಥನೆಗೆ ಕೂತಾಗ ಡೇವಿಡ್, ಶಾಲೆಯ ಟಿ.ಸಿ.ಯಲ್ಲಿ ದೇವರಾಜ್. ಭಾನುವಾರ ಆರಾಧನೆ, ಸೋಮವಾರ ನಾಡಕಚೇರಿಯ ಅರ್ಜಿಯಲ್ಲಿ "ಹಿಂದೂ, ಆದಿ ದ್ರಾವಿಡ". ಇವರನ್ನ ನೋಡಿ ಆಡಿಕೊಳ್ಳೋರಿಗೆ ಕೊರತೆ ಇಲ್ಲ. ಕೆಲವು ಪಾಸ್ಟರುಗಳು "ಎರಡು ದೋಣಿ ಮೇಲೆ ಕಾಲಿಟ್ಟೋರು" ಅಂತಾರೆ. ಮತಾಂತರ ಅಂತ ಗುಲ್ಲೆಬ್ಬಿಸೋರು "ಮೀಸಲಾತಿ ಕಳ್ಳರು" ಅಂತಾರೆ. ನಮ್ಮ ಚಳವಳಿಯ ಕೆಲವು ಸಂಗಾತಿಗಳೂ "ಇವರಿಗೆ ಸ್ವಾಭಿಮಾನ ಇಲ್ಲ" ಅಂತ ಮೂಗು ಮುರೀತಾರೆ.

ನಾನು ಹೇಳಬೇಕಾಗಿರೋದು ಇಷ್ಟೇ. ಇವರ ನಂಬಿಕೆ ಎಷ್ಟು ಗಟ್ಟಿ ಅಂತ ಅಳೆಯೋಕೆ ಮೊದಲು, ಇವರನ್ನ ಈ ಪರೀಕ್ಷೆಗೆ ತಳ್ಳಿದವರು ಯಾರು ಅಂತ ಕೇಳಿ.

ನಮ್ಮ ಕಡೆ ಚರ್ಚುಗಳಲ್ಲಿ "ಶೋಧನೆ" ಬಗ್ಗೆ ಪ್ರಸಂಗ ಇಲ್ಲದ ತಿಂಗಳಿಲ್ಲ. ಕಾಯಿಲೆ, ಸಾಲ, ಕೆಲಸ ಹೋಗಿದ್ದು, ಮಗಳ ಮದುವೆ ನಿಂತಿದ್ದು, ಕುಡುಕ ಗಂಡ. ಇವೆಲ್ಲ ನಿಜವಾದ ಕಷ್ಟಗಳೇ, ನಾನು ಸಣ್ಣದು ಮಾಡ್ತಾ ಇಲ್ಲ. ಆದ್ರೆ ದಲಿತ ಕ್ರೈಸ್ತರಿಗೆ ಇನ್ನೊಂದು ಶೋಧನೆ ಇದೆ. ಅದನ್ನ ಸೈತಾನ ತಂದಿದ್ದಲ್ಲ. ಗೆಜೆಟ್‌ನಲ್ಲಿ ಅಚ್ಚು ಹಾಕಿಸಿ ತಂದಿದ್ದು.

1950ರ ಆಗಸ್ಟ್ 10ರಂದು ರಾಷ್ಟ್ರಪತಿಗಳ ಆದೇಶ ಬಂತು, ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶ. ಅದರ 3ನೇ ಪ್ಯಾರಾ ಪ್ರಕಾರ ಹಿಂದೂ ಧರ್ಮ ಬಿಟ್ಟು ಬೇರೆ ಧರ್ಮ ಅನುಸರಿಸುವ ಯಾರನ್ನೂ ಪರಿಶಿಷ್ಟ ಜಾತಿಯವರು ಅಂತ ಪರಿಗಣಿಸೋ ಹಾಗಿಲ್ಲ. 1956ರಲ್ಲಿ ಸಿಖ್ಖರನ್ನ ಸೇರಿಸಿದರು. 1990ರಲ್ಲಿ ಬೌದ್ಧರನ್ನ ಸೇರಿಸಿದರು, ಅದು ಆಗಲೇಬೇಕಾಗಿದ್ದ ಕೆಲಸ. ಕ್ರೈಸ್ತರು, ಮುಸ್ಲಿಮರು ಇವತ್ತಿಗೂ ಹೊರಗೇ ಇದ್ದಾರೆ. ಇದು ಸ್ವತಂತ್ರ ಭಾರತ ಹೊಸದಾಗಿ ಕಂಡುಹಿಡಿದದ್ದೂ ಅಲ್ಲ. ಬ್ರಿಟಿಷರ 1936ರ ಆದೇಶದಲ್ಲೇ ಭಾರತೀಯ ಕ್ರೈಸ್ತರನ್ನ ಪರಿಶಿಷ್ಟ ಜಾತಿಯಿಂದ ಹೊರಗಿಟ್ಟಿದ್ರು. ಬ್ರಿಟಿಷರು ಕ್ರೈಸ್ತರ ಪರ ಅಂತ ಭಾಷಣ ಮಾಡೋರು ಇದನ್ನ ನೆನಪಿಡಬೇಕು.

ಈ ಬಾಗಿಲಿನ ವಿಶೇಷ ಏನಂದ್ರೆ, ಅದು ಒಂದೇ ಕಡೆಗೆ ತೆಗೆಯುತ್ತೆ. ಕ್ರೈಸ್ತನಾದರೆ ಜಾತಿ ಸರ್ಟಿಫಿಕೇಟ್ ಹೋಯ್ತು. ವಾಪಸ್ ಹಿಂದೂ ಆಗಿ, ಹಳೇ ಜಾತಿಯವರು ಒಪ್ಪಿಕೊಂಡರೆ ಸರ್ಟಿಫಿಕೇಟೂ ವಾಪಸ್. 2015ರಲ್ಲಿ ಕೆ.ಪಿ. ಮನು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟ ಮಾಡಿದೆ. ಆ ಪ್ರಕರಣದಲ್ಲಿ ತಾತನ ಕಾಲದಲ್ಲಿ ಕ್ರೈಸ್ತರಾಗಿದ್ದ ಕುಟುಂಬ. ಮೂರು ತಲೆಮಾರು ಕಳೆದರೂ ಜಾತಿ ಕಾಯ್ತಾ ಕೂತಿತ್ತು. ಹಾಗಾದ್ರೆ ಈ ಮಧ್ಯೆ ಆ ಜಾತಿ ಎಲ್ಲಿ ಹೋಗಿತ್ತು? ಎಲ್ಲಿಗೂ ಹೋಗಿರಲಿಲ್ಲ. ಬೀದಿಯಲ್ಲಿತ್ತು, ಬಾವಿಕಟ್ಟೆಯಲ್ಲಿತ್ತು, ಬಾಡಿಗೆ ಮನೆ ಕೇಳೋಕೆ ಹೋದಾಗ ಓನರ್ ಕೇಳೋ ಪ್ರಶ್ನೆಯಲ್ಲಿತ್ತು. ಕಾಗದದಲ್ಲಿ ಮಾತ್ರ ಇರಲಿಲ್ಲ.

ಇದರಿಂದ ಏನು ನಷ್ಟ ಅಂತ ಕೇಳೋರಿಗೆ ಎರಡು ಉದಾಹರಣೆ ಕೊಡ್ತೀನಿ.

ಮದ್ರಾಸಿನಲ್ಲಿ ಸೂಸೈ ಅಂತ ಒಬ್ಬರು ರಸ್ತೆ ಬದಿ ಕೂತು ಚಪ್ಪಲಿ ಹೊಲೀತಿದ್ರು. ಆದಿ ದ್ರಾವಿಡ ಮೂಲ, ಕ್ರೈಸ್ತರು. ರಸ್ತೆ ಬದಿ ಕೆಲಸ ಮಾಡೋ ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಸರ್ಕಾರ ಉಚಿತವಾಗಿ ಪೆಟ್ಟಿಗೆ ಅಂಗಡಿ ಕೊಟ್ಟಿತು. ಸೂಸೈಗೆ ಕೊಡಲಿಲ್ಲ. ಅದೇ ರಸ್ತೆ, ಅದೇ ಕಸುಬು, ಅದೇ ಜಾತಿ, ಕೈಯಲ್ಲಿ ಅದೇ ರಂಪಿಗೆ. ಸುಪ್ರೀಂ ಕೋರ್ಟಿನವರೆಗೆ ಹೋದರು. 1985ರಲ್ಲಿ ಅರ್ಜಿ ವಜಾ ಆಯ್ತು. ಕೋರ್ಟ್ ಹೇಳಿದ್ದರ ಸಾರ ಇದು: ಮತಾಂತರದ ನಂತರವೂ ಜಾತಿ ಉಳಿಯುತ್ತೆ ಅಂತ ತೋರಿಸಿದರೆ ಸಾಲದು, ಹೊಸ ಸಮುದಾಯದ ಒಳಗೂ ಅದೇ ತೀವ್ರತೆಯ ದಬ್ಬಾಳಿಕೆ ಇದೆ ಅಂತ ಸಾಬೀತು ಮಾಡಬೇಕು. ಈ ಮಾತನ್ನ ನೆನಪಲ್ಲಿಟ್ಟುಕೊಳ್ಳಿ, ಮುಂದೆ ಇದಕ್ಕೆ ಮತ್ತೆ ಬರ್ತೀನಿ.

ಎರಡನೇದು ತೀರಾ ಇತ್ತೀಚಿನದು. 2025ರ ಏಪ್ರಿಲ್ 30ರಂದು ಆಂಧ್ರ ಹೈಕೋರ್ಟಿನ ತೀರ್ಪು. ದಲಿತ ಮೂಲದ ಪಾಸ್ಟರ್ ಒಬ್ಬರು ಜಾತಿ ಹಿಡಿದು ಬೈದರು, ಹೊಡೆದರು ಅಂತ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಟ್ಟಿದ್ದರು. ಹೈಕೋರ್ಟ್ ಆ ಪ್ರಕರಣವನ್ನೇ ರದ್ದು ಮಾಡಿತು. ಪಾಸ್ಟರ್ ಆಗಿರೋದ್ರಿಂದ ಅವರು ಪರಿಶಿಷ್ಟ ಜಾತಿಗೆ ಸೇರಲ್ಲ, ಜಾತಿ ಸರ್ಟಿಫಿಕೇಟ್ ಇನ್ನೂ ರದ್ದಾಗಿಲ್ಲ ಅನ್ನೋದು ಅವರಿಗೆ ರಕ್ಷಣೆ ಕೊಡಲ್ಲ ಅಂತ. ಅಂದ್ರೆ ಬೈಯೋನಿಗೆ ನಿನ್ನ ಜಾತಿ ಗೊತ್ತು, ಕಾನೂನಿಗೆ ಗೊತ್ತಿಲ್ಲ.

ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನ ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಇಟ್ಟಿದ್ದಾರೆ. ಅಷ್ಟಾದರೂ ಇದೆ ಅಂತ ಸಮಾಧಾನ ಪಡೋರಿದ್ದಾರೆ. ಆದ್ರೆ ಪ್ರವರ್ಗ-1ಕ್ಕೆ ದೌರ್ಜನ್ಯ ತಡೆ ಕಾಯ್ದೆ ಅನ್ವಯ ಆಗಲ್ಲ. ಪರಿಶಿಷ್ಟರ ಮೀಸಲು ಕ್ಷೇತ್ರದಲ್ಲಿ ನಿಲ್ಲೋ ಹಾಗಿಲ್ಲ. ಪರಿಶಿಷ್ಟರ ಉಪಯೋಜನೆ ಹಣದಲ್ಲಿ ಒಂದು ಬೋರ್‌ವೆಲ್ಲೂ ಬರಲ್ಲ. ಇದನ್ನೆಲ್ಲ ತಕ್ಕಡಿಯ ಒಂದು ಕಡೆ ಇಡಿ. ಇನ್ನೊಂದು ಕಡೆ ಕ್ರಿಸ್ತನ ಹೆಸರನ್ನ ಕಾಗದದಲ್ಲಿ ಬರೆಯೋ ಧೈರ್ಯ ಇಡಿ. ತಿಂಗಳಿಗೆ ಹದಿನೈದು ಸಾವಿರ ಸಂಬಳದಲ್ಲಿ ಮೂವರನ್ನ ಸಾಕೋ ತಾಯಿಗೆ ಈ ತಕ್ಕಡಿ ಹಿಡಿಸಿ, ಆಮೇಲೆ ಪ್ರಾಮಾಣಿಕತೆ ಬಗ್ಗೆ ಅವಳಿಗೆ ಬೋಧನೆ ಮಾಡ್ತೀರಾ?

ಪಾಸ್ಟರುಗಳಿಗೆ ಒಂದು ಮಾತು. ನಿಮ್ಮ ಸತ್ಯವೇದದಲ್ಲೇ ಎರಡು ಹೆಸರಿನವರಿದ್ದಾರೆ. ದಾನಿಯೇಲನಿಗೆ ಬಾಬೆಲಿನ ಅರಮನೆ ಇಟ್ಟ ಹೆಸರು ಬೇಲ್ತೆಶಚ್ಚರ. ಸರ್ಕಾರಿ ದಫ್ತರದಲ್ಲಿ ಅದೇ ನಡೀತಿತ್ತು. ಆ ಹೆಸರು ಇದೆ ಅಂತ ಅವನ ಪ್ರಾರ್ಥನೆ ಸುಳ್ಳಾಗಲಿಲ್ಲ. ಎಸ್ತೇರಳ ನಿಜ ಹೆಸರು ಹದೆಸ್ಸಾ. ಅವಳು ಪರ್ಷಿಯಾದ ಅರಮನೆ ಸೇರಿದಾಗ ತನ್ನ ಕುಲ ಯಾವುದು ಅಂತ ಹೇಳಲೇ ಇಲ್ಲ. ಹೇಳಬೇಡ ಅಂದಿದ್ದು ಅವಳನ್ನ ಸಾಕಿದ ಮೊರ್ದೆಕೈ. ಸಾಮ್ರಾಜ್ಯದ ಒಳಗೆ ಬದುಕು ಉಳಿಸಿಕೊಳ್ಳೋಕೆ ಹೆಸರು ಮುಚ್ಚಿಡೋದನ್ನ ನಂಬಿಕೆದ್ರೋಹ ಅಂತ ಆ ಪುಸ್ತಕ ಎಲ್ಲೂ ಕರೆಯಲ್ಲ. ಅದೇ ಎಸ್ತೇರಳ ಕಥೆಯಲ್ಲಿ ಇನ್ನೊಂದು ತಿರುವೂ ಇದೆ. ಜನಾಂಗವನ್ನೇ ಮುಗಿಸೋ ಆಜ್ಞೆ ಹೊರಟಾಗ, ಅರಮನೆಯಲ್ಲಿದ್ದೀನಿ ಅಂತ ನೀನೊಬ್ಬಳೇ ಉಳೀತೀಯ ಅಂದುಕೋಬೇಡ ಅಂತ ಅದೇ ಮೊರ್ದೆಕೈ ಹೇಳಿ ಕಳಿಸ್ತಾನೆ. ಆಗ ಅವಳು ಬಾಯಿ ಬಿಡ್ತಾಳೆ. ಮುಚ್ಚಿಡೋಕೂ ಒಂದು ಕಾಲ, ಹೇಳೋಕೂ ಒಂದು ಕಾಲ. ಆ ಕಾಲ ಯಾವಾಗ ಅಂತ ತೀರ್ಮಾನ ಮಾಡಬೇಕಾದವರು ಪ್ರಾಣ, ಅನ್ನ ಪಣಕ್ಕಿಡೋರು. ಎ.ಸಿ. ಹಾಲಿನಲ್ಲಿ ಮೈಕ್ ಹಿಡಿದೋರಲ್ಲ.

ಹಾಗಂತ ಮುಚ್ಚಿಡೋದಕ್ಕೆ ಬೆಲೆ ಇಲ್ಲ ಅಂತಲ್ಲ. ಮನೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಒಂದು ಹೆಸರು ಅಂದ್ರೆ ಮಗು ಚಿಕ್ಕ ವಯಸ್ಸಲ್ಲೇ ಮೆಲ್ಲಗೆ ಮಾತಾಡೋದನ್ನ ಕಲಿಯುತ್ತೆ. ಎರಡೂ ಹೆಸರಲ್ಲಿ ಏನೋ ನಾಚಿಕೆಗೇಡು ಇದೆ ಅಂತ ಅಂದುಕೊಳ್ಳುತ್ತೆ. ಮತ್ತೆ ಲೆಕ್ಕದಲ್ಲೂ ನಾವು ಮಾಯ ಆಗ್ತೀವಿ. 2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯ್ತಲ್ಲ, ಅದಕ್ಕೂ ಮೊದಲು ಜಾತಿಪಟ್ಟಿಯಲ್ಲಿ "ಮಾದಿಗ ಕ್ರಿಶ್ಚಿಯನ್" ಅನ್ನೋ ತರದ ಹೆಸರುಗಳು ಕಂಡ ಕೂಡಲೇ ಎಷ್ಟು ಗದ್ದಲ ಆಯ್ತು ನೋಡಿದ್ರಿ. ಬಿಜೆಪಿ ಬೀದಿಗಿಳೀತು, ರಾಜ್ಯಪಾಲರು ಮುಖ್ಯಮಂತ್ರಿಗೆ ಪತ್ರ ಬರೆದ್ರು, ಕೊನೆಗೆ ಆಯೋಗ ಆ ಹೆಸರುಗಳನ್ನ ಪಟ್ಟಿಯಲ್ಲಿ ಕಾಣದ ಹಾಗೆ ಮಾಡ್ತು. ಬೇಕಾದೋರು ತಾವಾಗಿ ಹೇಳಿ ಬರೆಸಬಹುದು ಅಂತ ಅಂದ್ರು. ಎರಡು ಪದ ಒಟ್ಟಿಗೆ ಬಂದದ್ದಕ್ಕೆ ಇಷ್ಟು ಹೆದರಿಕೆ ಯಾಕೆ? ಮಾದಿಗ ಅನ್ನೋದೂ ನಿಜ, ಕ್ರಿಶ್ಚಿಯನ್ ಅನ್ನೋದೂ ನಿಜ ಅಂತ ಒಪ್ಪಿಕೊಂಡರೆ 3ನೇ ಪ್ಯಾರಾದ ಬುಡ ಅಲ್ಲಾಡುತ್ತೆ, ಅದಕ್ಕೆ.

ಈಗ ಕಾನೂನಿನ ಇನ್ನೊಂದು ಮುಖ. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂತು. ಮೊದಲು ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಆಮೇಲೆ ಸೆಪ್ಟೆಂಬರಲ್ಲಿ ಕಾಯ್ದೆ. ಮತ ಬದಲಿಸೋಕೆ 30 ದಿನ ಮೊದಲು ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕು, ಅದನ್ನ ಕಚೇರಿಯ ನೋಟಿಸ್ ಬೋರ್ಡಿಗೆ ಹಾಕಿ ಆಕ್ಷೇಪಣೆ ಕರೀತಾರೆ. ಸಾಮಾನ್ಯರ ವಿಷಯದಲ್ಲಿ ಶಿಕ್ಷೆ 3ರಿಂದ 5 ವರ್ಷ. ಅಪ್ರಾಪ್ತರು, ಬುದ್ಧಿ ಸ್ಥಿಮಿತ ಇಲ್ಲದವರು, ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರ ವಿಷಯದಲ್ಲಿ 3ರಿಂದ 10 ವರ್ಷ. ಈ ಸಾಲನ್ನ ಇನ್ನೊಂದು ಸಲ ಓದಿ. ದಲಿತರನ್ನ ಯಾರ ಜೊತೆ ಕೂರಿಸಿದ್ದಾರೆ ನೋಡಿ. ತಲೆ ಇಲ್ಲದವರು, ತಮ್ಮ ದೇವರನ್ನ ತಾವೇ ಆರಿಸೋಕೆ ಬಾರದವರು ಅಂತ. ಅದೇ ಕಾಯ್ದೆಯಲ್ಲಿ ಹಿಂದಿನ ಧರ್ಮಕ್ಕೆ ವಾಪಸ್ ಹೋದರೆ ಅದು ಮತಾಂತರವೇ ಅಲ್ಲ. ಮತ್ತೆ ಅದೇ ಒನ್ ವೇ ಬಾಗಿಲು. 2023ರ ಜೂನ್ 15ರಂದು ಸಿದ್ದರಾಮಯ್ಯನವರ ಸಂಪುಟ ಈ ಕಾಯ್ದೆ ವಾಪಸ್ ತಗೊಳ್ಳೋ ತೀರ್ಮಾನ ಮಾಡ್ತು. ತೀರ್ಮಾನ ಮಾಡೋದು ಒಂದು, ಕೆ.ಆರ್.ಪುರದ ಶೀಟ್ ಮನೆಯ ಪ್ರಾರ್ಥನಾ ಕೂಟದವರ ಎದೆ ಡವಗುಟ್ಟೋದು ನಿಲ್ಲೋದು ಇನ್ನೊಂದು. ಬೆಸಿಲಿಕಾದ ಗೋಪುರಕ್ಕೆ ಬಂದೋಬಸ್ತ್ ಇರುತ್ತೆ. ಬಾಡಿಗೆ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಹಾಡೋ ಇಪ್ಪತ್ತು ಜನಕ್ಕೆ ಯಾರ ಬಂದೋಬಸ್ತೂ ಇಲ್ಲ.

ಇಷ್ಟು ಹೊತ್ತು ಸರ್ಕಾರದ ಬಗ್ಗೆ ಹೇಳಿದೆ. ಈಗ ಚರ್ಚಿನ ಬಗ್ಗೆ. ಇದನ್ನ ಹೇಳದೆ ಹೋದರೆ ಮೇಲೆ ಬರೆದದ್ದಕ್ಕೆ ಅರ್ಥ ಇರಲ್ಲ.

1809ರಲ್ಲಿ ದಂಡು ಪ್ರದೇಶ ಶುರುವಾದ ಮೇಲೆ ತಮಿಳು ಜಿಲ್ಲೆಗಳಿಂದ ನಮ್ಮ ಜನ ಇಲ್ಲಿಗೆ ಬಂದರು. ಕುದುರೆಗೆ ಹುಲ್ಲು ಕೊಯ್ಯೋಕೆ, ಅಡುಗೆ ಮಾಡೋಕೆ, ಕಕ್ಕಸು ತೊಳೆಯೋಕೆ, ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿ ಸೈನಿಕರಾಗೋಕೆ. ಊರಿನ ಬಾವಿ ಮುಟ್ಟೋಕೆ ಬಿಡದವರು ಇಲ್ಲಿ ಚರ್ಚಿನ ಬೆಂಚಿನ ಮೇಲೆ ಕೂತ್ರು. ಅದು ಸಣ್ಣ ಮಾತಲ್ಲ. ನಮ್ಮ ಅಜ್ಜಂದಿರು ಅಕ್ಕಿಗಾಗಿ ಕ್ರೈಸ್ತರಾದರು ಅಂತ ಹೀಯಾಳಿಸೋರಿಗೆ ನಾನು ಹೇಳೋದು: ಅಕ್ಕಿ ಎಲ್ಲಿ ಬೇಕಾದ್ರೂ ಸಿಗ್ತಿತ್ತು, ಬೆಂಚು ಸಿಗ್ತಿರಲಿಲ್ಲ.

ಆದ್ರೆ ಆ ಬೆಂಚಿನ ಮೇಲೂ ಜಾತಿ ಬಂದು ಕೂತಿದೆ. ತಿರುಚ್ಚಿಯ ಮೇಲಪುದೂರಿನಲ್ಲಿ ದಲಿತ ಕ್ರೈಸ್ತರ ಸಮಾಧಿಗಳನ್ನ ಬೇರೆ ಮಾಡೋಕೆ ಸ್ಮಶಾನದೊಳಗೆ ಗೋಡೆ ಕಟ್ಟಿದ್ರು. ಬೆಂಗಳೂರಲ್ಲಿ ಅಂಥ ಗೋಡೆ ಕಣ್ಣಿಗೆ ಬೀಳಲ್ಲ. ಇಲ್ಲಿ ಅದು ಮದುವೆ ಸಂಬಂಧ ಕೇಳುವಾಗ "ನಿಮ್ಮ ಮೂಲ ಊರು ಯಾವುದು?" ಅನ್ನೋ ಪ್ರಶ್ನೆಯಲ್ಲಿದೆ. ಕಮಿಟಿಯಲ್ಲಿ ಯಾರು ಕೂರ್ತಾರೆ, ಹಬ್ಬ ಮುಗಿದ ಮೇಲೆ ಪೊರಕೆ ಯಾರು ಹಿಡೀತಾರೆ ಅನ್ನೋದರಲ್ಲಿದೆ. ಚರ್ಚಿನ ಹೆಸರಿನ ದೊಡ್ಡ ಶಾಲೆಯಲ್ಲಿ ಯಾರ ಮಕ್ಕಳು ಓದ್ತಾರೆ, ಯಾರ ತಾಯಂದಿರು ಆಯಾಗಳಾಗಿರ್ತಾರೆ ಅನ್ನೋದರಲ್ಲಿದೆ. ಭಾಷೆಗಾಗಿ ನಮ್ಮ ಚರ್ಚುಗಳಲ್ಲಿ ಬಹಿರಂಗ ಜಗಳ ನಡೆದಿದೆ. ಜಾತಿ ಬಗ್ಗೆ ಮಾತ್ರ ಎಲ್ಲ ಭಾಷೆಯವರೂ ಒಟ್ಟಾಗಿ ಸುಮ್ಮನಿರ್ತಾರೆ.

ಈ ಮೌನದ ಬೆಲೆ ಏನು ಗೊತ್ತಾ? ಸೂಸೈ ಪ್ರಕರಣದಲ್ಲಿ ಕೋರ್ಟ್ ಕೇಳಿದ ಸಾಕ್ಷ್ಯ ನೆನಪಿಸಿಕೊಳ್ಳಿ. ಚರ್ಚಿನ ಒಳಗೆ ಜಾತಿ ದಬ್ಬಾಳಿಕೆ ಇದೆ ಅಂತ ತೋರಿಸಿ ಅಂದಿತ್ತು. 2022ರಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಕೊಟ್ಟ ಪ್ರಮಾಣಪತ್ರದಲ್ಲೂ ಅದೇ ವಾದ: ಕ್ರೈಸ್ತ, ಇಸ್ಲಾಂ ಸಮಾಜಗಳಲ್ಲಿ ಇಂಥ ಹಿಂದುಳಿದಿರುವಿಕೆ, ದಬ್ಬಾಳಿಕೆ ಇರಲೇ ಇಲ್ಲ ಅಂತ. "ನಮ್ಮಲ್ಲಿ ಜಾತಿ ಇಲ್ಲ ಬ್ರದರ್, ಕ್ರಿಸ್ತನಲ್ಲಿ ಎಲ್ಲರೂ ಒಂದೇ" ಅಂತ ನೀವು ನಗುತ್ತಾ ಹೇಳ್ತೀರಲ್ಲ, ಆ ಮಾತು ಬಲಿಪೀಠದಲ್ಲಿ ಉಳಿಯಲ್ಲ. ಅದು ದೆಹಲಿಗೆ ಹೋಗಿ ನಮ್ಮ ವಿರುದ್ಧ ಸಾಕ್ಷಿ ಹೇಳುತ್ತೆ.

ಸತ್ಯ ಹೇಳಿದವರೂ ಇದ್ದಾರೆ. 1981ರಲ್ಲಿ ಇದೇ ದಂಡಿನಲ್ಲಿ, ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ, ಅರವಿಂದ ಪಿ. ನಿರ್ಮಲ್ ಅವರು ಶೂದ್ರ ದೇವಶಾಸ್ತ್ರದ ಬಗ್ಗೆ ಒಂದು ಉಪನ್ಯಾಸ ಕೊಟ್ಟರು. ದಲಿತ ದೇವಶಾಸ್ತ್ರದ ಚರಿತ್ರೆ ಬರೆಯೋರು ಅಲ್ಲಿಂದಲೇ ಶುರು ಮಾಡ್ತಾರೆ. ಭಾರತದ ಕ್ರೈಸ್ತ ಪಂಡಿತರು ವೇದಾಂತದ ಜೊತೆ ಸಂವಾದ ಮಾಡ್ತಾ ಕೂತಿದ್ದಾರೆ, ಆದ್ರೆ ಚರ್ಚಿನಲ್ಲಿ ಕೂತಿರೋ ಬಹುಪಾಲು ಜನ ದಲಿತರು, ಅವರ ನೋವು ಈ ಪಾಂಡಿತ್ಯದಲ್ಲಿ ಎಲ್ಲಿದೆ ಅನ್ನೋದು ಅವರು ಮುಂದಿಟ್ಟ ಪ್ರಶ್ನೆ. 2016ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿ ದಲಿತ ಸಬಲೀಕರಣ ನೀತಿ ಹೊರಡಿಸಿ, ಚರ್ಚಿನಲ್ಲಿ ಅಸ್ಪೃಶ್ಯತೆ ಇದೆ ಅಂತ ಒಪ್ಪಿಕೊಂಡಿತು. ಆ ದಾಖಲೆ ಪ್ರಕಾರವೇ 1.9 ಕೋಟಿ ಕ್ಯಾಥೊಲಿಕರಲ್ಲಿ 1.2 ಕೋಟಿ ದಲಿತರು. ಅದಾಗಿ ಆರು ವರ್ಷಕ್ಕೆ, 2022ರಲ್ಲಿ, ಹೈದರಾಬಾದಿನ ಆಂಥೊನಿ ಪೂಲ ಅವರು ಮೊದಲ ದಲಿತ ಕಾರ್ಡಿನಲ್ ಆದರು. ಸಂತೋಷ. ಆದ್ರೆ ಆ ನೀತಿಯನ್ನ ನಿಮ್ಮ ಚರ್ಚಿನಲ್ಲಿ ಒಂದು ಸಲವಾದರೂ ಓದಿ ಹೇಳಿದ್ದಾರಾ? ಕೇಳಿ ನೋಡಿ.

ಈಗ ಅಂಬೇಡ್ಕರ್‌ವಾದಿ ಸಂಗಾತಿಗಳ ಜೊತೆ ಎರಡು ಮಾತು. ನಾವು ಒಂದೇ ಮನೆಯವರು, ಅದಕ್ಕೇ ನೇರವಾಗಿ ಹೇಳ್ತೀನಿ.

"ಬಾಬಾಸಾಹೇಬರು ಬುದ್ಧನ ದಾರಿ ತೋರಿಸಿದ್ದಾರೆ, ನೀವ್ಯಾಕೆ ಯೇಸು ಹಿಂದೆ ಹೋಗ್ತೀರಿ?" ಅಂತ ಕೇಳ್ತೀರಿ. ಬಾಬಾಸಾಹೇಬರು ಭಾರತದ ಕ್ರೈಸ್ತರನ್ನ ಕಟುವಾಗಿ ಟೀಕಿಸಿದ್ದಾರೆ ಅನ್ನೋದು ನಿಜ. ಕ್ರೈಸ್ತರಾದವರು ಜಾತಿ ಬಿಡಲಿಲ್ಲ, ಸಾಮಾಜಿಕ ಅನ್ಯಾಯದ ವಿರುದ್ಧ ಒಂದು ಚಳವಳಿ ಕಟ್ಟಲಿಲ್ಲ ಅನ್ನೋದು ಅವರ ತಕರಾರು. ಆ ತಕರಾರು ಇವತ್ತಿಗೂ ಸರಿ. ನಾನು ಚರ್ಚಿಗೆ ಹೇಳ್ತಿರೋದೂ ಅದನ್ನೇ. ಆದ್ರೆ ಧರ್ಮವನ್ನ ಬುದ್ಧಿಯಿಂದ ತೂಗಿ ಆರಿಸೋ ಹಕ್ಕು ದಲಿತನಿಗಿದೆ ಅಂತ ತೋರಿಸಿಕೊಟ್ಟವರೂ ಅವರೇ. 1936ರಲ್ಲಿ ಮುಂಬೈಯಲ್ಲಿ ಮಹಾರರ ಸಭೆಯಲ್ಲಿ ಮಾತಾಡಿದಾಗಿನಿಂದ 1956ರ ಅಕ್ಟೋಬರ್ 14ರವರೆಗೆ ಇಪ್ಪತ್ತು ವರ್ಷ ಯೋಚನೆ ಮಾಡಿದರು. ಆ ಹಕ್ಕನ್ನ ನನ್ನ ಅಜ್ಜಿ ಬೇರೆ ರೀತಿ ಬಳಸಿದಳು ಅಷ್ಟೇ. ನಮ್ಮ ಮನೆ ಗೋಡೆ ಮೇಲೆ ಎರಡು ಫೋಟೋ ಅಕ್ಕಪಕ್ಕ ಇವೆ. ಒಂದಕ್ಕೊಂದು ಇವತ್ತಿನವರೆಗೆ ಜಗಳ ಆಡಿಲ್ಲ.

ಇನ್ನೊಂದು ಭಯ ಇದೆ, ಅದು ನ್ಯಾಯವಾದದ್ದೇ. "ಇವರೂ ಬಂದರೆ ನಮ್ಮ ಪಾಲು ಕಮ್ಮಿ ಆಗುತ್ತೆ." ಕಾನ್ವೆಂಟ್ ಇಂಗ್ಲಿಷ್ ಕಲಿತವರು ಬಂದು ಸೀಟು ಹೊಡೀತಾರೆ ಅನ್ನೋ ಆತಂಕ ನಮ್ಮ ಹಳ್ಳಿ ಹುಡುಗರಿಗಿದೆ. ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಮೂವತ್ತು ವರ್ಷ ಬಡಿದಾಡಿ 2025ರ ಆಗಸ್ಟಲ್ಲಿ ಒಳಮೀಸಲಾತಿ 6-6-5 ಅಂತ ಹಂಚಿಕೆ ಆಯ್ತು. ಆ ಹಂಚಿಕೆ ಬಗ್ಗೆ ಸಿಟ್ಟು, ತಕರಾರು ಇರಬಹುದು. ಆದ್ರೆ ಒಂದು ಪಾಠ ಕಲಿತ್ವಿ: ಯಾರ ಪಾಲನ್ನೂ ಕಿತ್ತುಕೊಳ್ಳದೆ, ಜನಸಂಖ್ಯೆಗೆ ತಕ್ಕಂತೆ ಒಳಗೇ ಬೇರೆ ಪಾಲು ಮಾಡಬಹುದು. ದಲಿತ ಕ್ರೈಸ್ತರನ್ನ ಅವರ ಜನಸಂಖ್ಯೆಯ ಪಾಲಿನ ಜೊತೆಗೇ ಸೇರಿಸಿ, ಒಟ್ಟು ಪ್ರಮಾಣ ಹೆಚ್ಚಿಸಿ ಅಂತ ಒಟ್ಟಾಗಿ ಕೇಳೋಣ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ 3ನೇ ಪ್ಯಾರಾ ತೆಗೆದುಹಾಕಿ ಅಂತ ಶಿಫಾರಸು ಮಾಡಿತ್ತು. ಸರ್ಕಾರ ಅದನ್ನ ಒಪ್ಪಲಿಲ್ಲ. 2022ರ ಅಕ್ಟೋಬರಲ್ಲಿ ಕೆ.ಜಿ. ಬಾಲಕೃಷ್ಣನ್ ಅವರ ಇನ್ನೊಂದು ಆಯೋಗ ಮಾಡಿ, ಅದರ ಅವಧಿ ವಿಸ್ತರಿಸಿದರು. ನಾವು ಒಳಗೊಳಗೇ ಕಿತ್ತಾಡೋವರೆಗೂ ಆಯೋಗದ ಮೇಲೆ ಆಯೋಗ ಬರ್ತಾನೇ ಇರುತ್ತೆ.

ಮತ್ತೆ ನಂಬಿಕೆಯ ಮಾತಿಗೆ ಬರ್ತೀನಿ. ಸಂಕಟದಲ್ಲಿ ಸ್ಥಿರವಾಗಿರೋದು ಅಂದ್ರೆ ಏನು?

ಪ್ರಸಂಗಗಳಲ್ಲಿ ಯೋಬನ ಸಹನೆ ಅಂತ ಹೇಳಿ ಹೇಳಿ ನಮ್ಮ ಜನರಿಗೆ ಬಾಯಿ ಮುಚ್ಚಿಕೊಂಡಿರೋದನ್ನ ಕಲಿಸಿದ್ದಾರೆ. ಯೋಬನ ಪುಸ್ತಕದಲ್ಲಿ 42 ಅಧ್ಯಾಯ ಇದೆ. ಅವನು ಸುಮ್ಮನೆ ಸಹಿಸಿಕೊಳ್ಳೋದು ಮೊದಲ ಎರಡರಲ್ಲಿ. ಮೂರನೇದರಿಂದ ಅವನು ಬಾಯಿ ತೆಗೀತಾನೆ. ದೇವರ ಜೊತೆಗೇ ವಾದಕ್ಕಿಳೀತಾನೆ, ನನ್ನ ಮೇಲಿನ ಆರೋಪಪಟ್ಟಿ ತೋರಿಸು ಅಂತಾನೆ. ಸುತ್ತ ಕೂತ ಸ್ನೇಹಿತರು "ನೀನೇ ಏನೋ ತಪ್ಪು ಮಾಡಿರ್ತೀಯ, ಒಪ್ಕೊ" ಅಂತ ಉಪದೇಶ ಮಾಡ್ತಾರೆ. ಕೊನೆಗೆ ದೇವರು ಸಿಟ್ಟಾಗೋದು ಆ ಉಪದೇಶ ಮಾಡಿದವರ ಮೇಲೆ. ಜಗಳ ಆಡಿದವನ ಮಾತನ್ನ ಸರಿ ಅಂತಾನೆ. ಸಹನೆ ಬಗ್ಗೆ ಪ್ರಸಂಗ ಮಾಡೋರು ದಯವಿಟ್ಟು ಆ ಪುಸ್ತಕವನ್ನ ಕೊನೇವರೆಗೆ ಓದಿ.

ಕಂಧಮಾಲ್ ನೆನಪಿಸಿಕೊಳ್ಳಿ. 2008ರ ಆಗಸ್ಟಲ್ಲಿ ಒಡಿಶಾದ ಆ ಜಿಲ್ಲೆಯಲ್ಲಿ ಮನೆ ಸುಟ್ಟುಕೊಂಡು ಕಾಡಿಗೆ ಓಡಿದವರಲ್ಲಿ ಬಹಳ ಜನ ಪಾಣ ಸಮುದಾಯದ ದಲಿತ ಕ್ರೈಸ್ತರು. ಊರಿಗೆ ವಾಪಸ್ ಬರಬೇಕಂದ್ರೆ ಕ್ರಿಸ್ತನನ್ನ ಬಿಟ್ಟು ಬನ್ನಿ ಅಂತ ಷರತ್ತು ಹಾಕಿದ್ರು. ಒಪ್ಪದೆ ಶಿಬಿರದಲ್ಲೇ ಉಳಿದವರಿದ್ದಾರೆ. ಅವರಿಗೆ ಯಾವ ಸೆಮಿನಾರೂ ನಂಬಿಕೆ ಕಲಿಸಿರಲಿಲ್ಲ. ಅವರು ನಿಂತಿದ್ದು ದೇವರಿಗಾಗಿ ಮಾತ್ರ ಅಲ್ಲ, ಇನ್ನೊಬ್ಬ ಹೇಳಿದ ಹಾಗೆ ತಲೆ ಬಾಗಿಸಲ್ಲ ಅನ್ನೋ ಮನುಷ್ಯನ ಘನತೆಗಾಗಿ. ದಲಿತನ ನಂಬಿಕೆ ಮತ್ತು ದಲಿತನ ಸ್ವಾಭಿಮಾನವನ್ನ ಎರಡಾಗಿ ಸೀಳೋಕೆ ಆಗಲ್ಲ ಅಂತ ನಾನು ಹೇಳೋದು ಇದಕ್ಕೇ.

ಹಾಗಾದ್ರೆ ಈಗ ಮಾಡಬೇಕಾದ ಕೆಲಸ ಏನು?

ಚರ್ಚುಗಳಿಗೆ: ಪ್ರತಿ ಆಗಸ್ಟ್ 10ರಂದು ದಲಿತ ಕ್ರೈಸ್ತರು ಕಪ್ಪು ದಿನ ಆಚರಿಸ್ತಾರೆ. ಆ ವಾರದ ಪ್ರಸಂಗದಲ್ಲಿ 3ನೇ ಪ್ಯಾರಾದ ಬಗ್ಗೆ ಮಾತಾಡಿ. ನಿಮ್ಮ ಶಾಲೆ, ಕಾಲೇಜು, ಆಸ್ಪತ್ರೆಗಳಲ್ಲಿ ದಲಿತ ಕ್ರೈಸ್ತರು ಎಷ್ಟು ಜನ ಓದ್ತಾರೆ, ಎಷ್ಟು ಜನ ಯಾವ ಹುದ್ದೆಯಲ್ಲಿದ್ದಾರೆ ಅಂತ ಲೆಕ್ಕ ಹೊರಗಿಡಿ. ನಮ್ಮಲ್ಲಿ ಜಾತಿ ಇದೆ, ಅದು ಪಾಪ ಅಂತ ಬರವಣಿಗೆಯಲ್ಲಿ ಕೊಡಿ. ಕೋರ್ಟಿಗೆ ಬೇಕಾಗಿರೋ ಸಾಕ್ಷ್ಯ ಅದೇ.

ಸಂಗಾತಿಗಳಿಗೆ: ಶೀಟ್ ಮನೆಯ ಪ್ರಾರ್ಥನೆಗೆ ನುಗ್ಗಿ ಗಲಾಟೆ ಮಾಡಿದಾಗ ಅದನ್ನ "ಅಲ್ಪಸಂಖ್ಯಾತರ ಸಮಸ್ಯೆ" ಅಂತ ಪಕ್ಕಕ್ಕಿಡಬೇಡಿ. ಒಳಗೆ ಕೂತಿರೋರು ಯಾರು ಅಂತ ಹೋಗಿ ನೋಡಿ. ನಿಮ್ಮ ಚಿಕ್ಕಮ್ಮನೇ ಇರ್ತಾಳೆ.

ಫೋನ್ ಹಿಡಿದ ಎಲ್ಲರಿಗೂ: ದೀಕ್ಷಾಸ್ನಾನದ ಫೋಟೋ, ಹೆಸರು ಸಮೇತ ಸಾಕ್ಷಿ ಹೇಳೋ ವಿಡಿಯೋ ಹಾಕೋಕೆ ಮೊದಲು ಆ ಮನುಷ್ಯನ ಒಪ್ಪಿಗೆ ಕೇಳಿ, ಪರಿಣಾಮವನ್ನೂ ತಿಳಿಸಿ. 2024ರ ನವೆಂಬರ್ 26ರಂದು, ಸಂವಿಧಾನ ದಿನದಂದೇ, ಸೆಲ್ವರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪುದುಚೇರಿಯ ಒಬ್ಬ ಹೆಣ್ಣುಮಗಳಿಗೆ ಪರಿಶಿಷ್ಟ ಜಾತಿ ಸರ್ಟಿಫಿಕೇಟ್ ನಿರಾಕರಿಸಿತು. ಅವಳ ವಿರುದ್ಧ ನಿಂತ ಸಾಕ್ಷ್ಯಗಳಲ್ಲಿ ಅವಳು ಕೂಸಾಗಿದ್ದಾಗ ಆದ ದೀಕ್ಷಾಸ್ನಾನದ ದಾಖಲೆಯೂ ಇತ್ತು. ನಿಮ್ಮ ಒಂದು ಲೈಕಿಗೋಸ್ಕರ ಇನ್ನೊಬ್ಬರ ಅನ್ನ ಕಳೀಬೇಡಿ.

ನಮ್ಮ ಮನೆಗಳವರಿಗೆ: ಸರ್ಟಿಫಿಕೇಟಿನ ಅಗತ್ಯ ಇಲ್ಲದವರು, ರಿಟೈರ್ ಆದವರು, ಸ್ವಂತ ಕಾಲ ಮೇಲೆ ನಿಂತವರು ಇದ್ದೀರಿ. ನೀವಾದ್ರೂ ಜಾತಿ ಮತ್ತು ಧರ್ಮ ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆಸಿ. ಬರೆಸೋಕೆ ಆಗದವರ ಪರವಾಗಿಯೂ ಬರೆಸಿ. ಆಗದವರು ನಾಚಬೇಡಿ, ಆದ್ರೆ ಮಕ್ಕಳಿಗೆ ಎರಡೂ ಹೆಸರಿನ ಕಥೆ ಹೇಳಿ. ಯಾರ ಕಾನೂನಿನಿಂದ ಎರಡು ಹೆಸರು ಬಂತು ಅಂತ ಹೇಳಿ. ಆಗ ಅದು ಗುಟ್ಟಾಗಿ ಉಳಿಯಲ್ಲ, ಚರಿತ್ರೆ ಆಗುತ್ತೆ.

ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಒಬ್ಬ ವಿಧವೆಯ ಕಥೆ ಹೇಳ್ತಾನೆ. ನ್ಯಾಯಾಧೀಶನಿಗೆ ದೇವರ ಭಯವೂ ಇಲ್ಲ, ಜನರ ಲಕ್ಷ್ಯವೂ ಇಲ್ಲ. ಅವಳು ಮತ್ತೆ ಮತ್ತೆ ಬಂದು ನ್ಯಾಯ ಕೇಳ್ತಾಳೆ. ಬೇಸತ್ತು ಅವನು ನ್ಯಾಯ ಕೊಡ್ತಾನೆ. ಬೇಸರಪಡದೆ ಪ್ರಾರ್ಥನೆ ಮಾಡೋದು ಹೇಗೆ ಅಂತ ತೋರಿಸೋಕೆ ಯೇಸು ಆರಿಸಿಕೊಂಡಿದ್ದು ಕೋರ್ಟಿಗೆ ಅಲೆಯೋ ಹೆಂಗಸಿನ ಕಥೆಯನ್ನ. ನಮ್ಮ ಜನ 3ನೇ ಪ್ಯಾರಾ ಪ್ರಶ್ನಿಸಿ 2004ರಿಂದ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದಾರೆ. ಅದೂ ಪ್ರಾರ್ಥನೆಯೇ.

ಭಿನ್ನಾಭಿಪ್ರಾಯ ಇದ್ದರೆ ಹೇಳಿ, ಮಾತಾಡೋಣ. ಯಾರದೇ ಹೆಸರು, ಏರಿಯಾ, ಚರ್ಚು ಹಿಡಿದು ಅವರನ್ನ ಬಯಲಿಗೆಳೆಯೋ ಮಾತು ಮಾತ್ರ ಬೇಡ.

ಜೈಭೀಮ್.